ತೊಲೆ ಮುಟ್ಟದ ಏಣಿಗಳು

ಬೆಳಿಗ್ಗೆ ಬಾಗಿಲು ತೆಗೆದಾಗ ಕಾರ್ಖಾನೆಯೊಳಗೆ ಕಾಲಿಡಲು ಜಾಗವಿರಲಿಲ್ಲ. ಎಲ್ಲಿ ನೋಡಿದರೂ ಏಣಿ. ಗೋಡೆಗೆ ಒರಗಿಸಿದ ಏಣಿ, ಒಂದರ ಮೇಲೊಂದು ಪೇರಿಸಿದ ಏಣಿ, ಕಕ್ಕಸಿನ ಬಾಗಿಲಿಗೆ ಅಡ್ಡ ನಿಂತ ಏಣಿ. ಇಲ್ಲಿನ ಕೆಲಸದ ಮಂದಿ ಹಿಂದೆ ಒಂದು ಬೇಸಿಗೆಯಿಡೀ ದುಡಿದರೂ ಇಷ್ಟು ಮಾಡುತ್ತಿರಲಿಲ್ಲ. ಮಾವ ಹೊಸ್ತಿಲಲ್ಲೇ ನಿಂತು ಬಾಯಿ ಬಿಟ್ಟುಕೊಂಡು ನೋಡಿದ.

"ಪ್ರೊಫೆಸರೇ, ಆ ನಿನ್ನ ಗುಂಡುಸೂಜಿಯವನು ಸಿಕ್ಕಿದ್ರೆ ಒಂದ್ಸಲ ಕೈ ಮುಗಿಯೋಣ ಕಣೇ."

"ಅವನು ಸತ್ತು ಇನ್ನೂರು ವರ್ಷದ ಮೇಲಾಯ್ತು ಮಾವ."

"ಅದಕ್ಕೇ ನೋಡು, ಇಷ್ಟು ಒಳ್ಳೇ ಬುದ್ಧಿ ಹೇಳಿಯೂ ಕಮಿಷನ್ ಕೇಳ್ತಿಲ್ಲ."

ಅವಳು ನಕ್ಕಳು. ಪ್ರೊಫೆಸರ್ ಎನ್ನುವುದು ಕಾರ್ಖಾನೆಯವರು ಅವಳಿಗೆ ಇಟ್ಟ ಹೆಸರು. ಅರ್ಥಶಾಸ್ತ್ರದ ಪದವಿ ಮುಗಿಸಿ, ಹಾಸ್ಟೆಲ್ ಖಾಲಿ ಮಾಡಿ, ಬೇರೆಲ್ಲೂ ಕೆಲಸ ಸಿಗದೆ ಸೋದರಮಾವನ ಏಣಿ ಕಾರ್ಖಾನೆಗೆ ಬಂದು ಕೂತವಳು. ಬಂದ ಹೊಸದರಲ್ಲಿ ಮಾವ, "ಓದಿದ್ದೀಯಲ್ಲ, ಏನಾದ್ರೂ ಮಾಡು," ಎಂದಿದ್ದ. ಮಾಡಲೇಬೇಕಾದ ಗಳಿಗೆಯೂ ಅದಾಗಿತ್ತು. ಊರೂರಿಗೂ ಅಂಗಡಿ ತೆರೆಯುತ್ತಿದ್ದ ಹಾರ್ಡ್‌ವೇರ್ ಕಂಪನಿಯೊಂದು ಮಡಿಸುವ ಏಣಿಗಳಿಗೆ ದೊಡ್ಡ ಆರ್ಡರ್ ಕೊಟ್ಟಿತ್ತು. ಇದನ್ನು ಹೇಳಿದ ದಿನ ಕೊಟ್ಟರೆ ವರ್ಷಪೂರ್ತಿ ಅದೇ ಕಂಪನಿಗೆ ಏಣಿ ಮಾಡುವ ಕರಾರು. ಕೊಡದಿದ್ದರೆ ಕಥೆ ಮುಗಿಯಿತು. ಬಾಡಿಗೆ ಬಾಕಿಯಾಗಿದ್ದಕ್ಕೆ ಶೆಡ್ಡಿನ ಮಾಲೀಕ ಆಗಲೇ ಎರಡು ಸಲ ಬಂದು ತಿಂಗಳ ಕೊನೆಗೆ ಜಾಗ ಬಿಡಿ ಎಂದು ಹೇಳಿ ಹೋಗಿದ್ದ.

ಆಗ ಅವಳು ಗುಂಡುಸೂಜಿಯವನನ್ನು ಕರೆತಂದಳು. ಒಬ್ಬನೇ ಕೂತು ಗುಂಡುಸೂಜಿ ಮಾಡಿದರೆ ದಿನಕ್ಕೆ ಒಂದಾದರೂ ಆದೀತೋ ಇಲ್ಲವೋ. ತಂತಿ ಎಳೆಯುವವನೊಬ್ಬ, ಕತ್ತರಿಸುವವನೊಬ್ಬ, ಮೊನೆ ಮಾಡುವವನೊಬ್ಬ ಎಂದು ಕೆಲಸ ಹಂಚಿಕೊಂಡರೆ ಸಾವಿರಗಟ್ಟಲೆ ಆಗುತ್ತವೆ ಎಂದು ಬರೆದವನು. ಅರ್ಥಶಾಸ್ತ್ರ ಓದುವ ಯಾರಿಗೇ ಆದರೂ ಮೊದಲು ಸಿಗುವ ಮನುಷ್ಯ ಅವನೇ. ಅಲ್ಲಿಯವರೆಗೆ ಈ ಕಾರ್ಖಾನೆಯಲ್ಲಿ ಪೈಪು ಕತ್ತರಿಸುವುದರಿಂದ ಹಿಡಿದು ಕಾಲಿಗೆ ರಬ್ಬರ್ ಬೂಟು ತೊಡಿಸುವವರೆಗೆ ಒಂದು ಏಣಿಯನ್ನು ಒಬ್ಬರೇ ಮಾಡುತ್ತಿದ್ದರು. ಅವಳು ಬಂದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದಳು. ಗರಗಸ ಒಬ್ಬನಿಗೆ. ಡ್ರಿಲ್ಲು ಉದ್ದಣ್ಣನಿಗೆ, ಕಾರ್ಖಾನೆಯಲ್ಲೆಲ್ಲ ಅತಿ ಕುಳ್ಳಗಿದ್ದುದರಿಂದ ಅವನಿಗೆ ಆ ಹೆಸರು. ಮೆಟ್ಟಿಲು ಬಿಗಿಯುವ ರಿವೆಟ್ಟು ಮೊಳೆ ಹೊಡೆಯುವ ಕೆಲಸ, ಎಲ್ಲರೂ ಸುತ್ತಿಗೆ ಅಕ್ಕ ಎನ್ನುತ್ತಿದ್ದವಳಿಗೆ. ರಬ್ಬರ್ ಬೂಟು ತನ್ನ ಅಮ್ಮನಿಗೆ. ಅಮ್ಮ ಮಾವನ ಅಕ್ಕ, ಆದ್ದರಿಂದ ಕಾರ್ಖಾನೆಯಲ್ಲಿ ಮಾವನನ್ನು ಗದರಿಸುವ ಹಕ್ಕು ಅವಳೊಬ್ಬಳದೇ.

ಮೊದಲೆರಡು ದಿನ ಗೊಣಗಾಟ. ಮೂರನೆಯ ದಿನದಿಂದ ಶೆಡ್ಡಿಗೆ ಹೊಸ ರೆಕ್ಕೆ ಬಂದಂತಾಯಿತು. ಗರಗಸ ನಿಲ್ಲುವ ಮುಂಚೆ ಡ್ರಿಲ್ಲು, ಡ್ರಿಲ್ಲಿನ ಹಿಂದೆಯೇ ಸುತ್ತಿಗೆ, ಯಾರ ಕೈಯೂ ಖಾಲಿಯಿಲ್ಲ. ಸುತ್ತಿಗೆ ಅಕ್ಕ ತಾಳ ಹಾಕಿದಂತೆ ಹೊಡೆಯುವುದನ್ನು ಕೇಳಲು ಪಕ್ಕದ ಟೈರ್ ಅಂಗಡಿಯ ಗಜ ಬಂದು ನಿಲ್ಲುತ್ತಿದ್ದ. ಪ್ರೊಫೆಸರಿಗೋ ಪುಸ್ತಕದ ಸಾಲು ಕಣ್ಣೆದುರೇ ಏಣಿಯಾಗಿ ಹುಟ್ಟಿಬರುತ್ತಿದ್ದುದನ್ನು ನೋಡಿ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ.

ಇವತ್ತು ಮಧ್ಯಾಹ್ನ ಲಾರಿ. ಎಣಿಸಿ ಹೊರಗಿಡುವುದಷ್ಟೇ ಬಾಕಿ.

ದಾರಿ ಬಿಡಿಸಲು ಒಂದು ಏಣಿಯನ್ನು ಎತ್ತಿ ಪಕ್ಕಕ್ಕಿಡುವಾಗ ಅವಳ ಕಣ್ಣು ಮೇಲೆ ಹೋಯಿತು. ಶೆಡ್ಡಿನ ನಡುವೆ ಅಡ್ಡಲಾಗಿ ಒಂದು ಮರದ ತೊಲೆ ಇತ್ತು. ಅವಳು ಬಂದಾಗ ಅದರ ಹೊಟ್ಟೆಯ ಭಾಗ ಅಂಗೈ ಸವೆತದಿಂದ ಕಪ್ಪಗೆ ಮಿರುಗುತ್ತಿತ್ತು. ಈಗ ಅದರ ಮೇಲೆ ಅಲ್ಯುಮಿನಿಯಂ ಪುಡಿ ಬೂದಿ ಬಳಿದಂತೆ ಕೂತಿತ್ತು. ಮೂಲೆಯಲ್ಲಿ ಜೇಡ ಬಲೆ ಕಟ್ಟಿತ್ತು.

ಅವಳು ಕೈಯಲ್ಲಿದ್ದ ಏಣಿಯನ್ನು ಕೆಳಗಿಟ್ಟಳು.

ಹಿಂದೆ ಏಣಿ ಮುಗಿಸಿದವರು ಅದನ್ನು ತೊಲೆಯ ಕೆಳಗೆ ನಿಲ್ಲಿಸಿ, ಹತ್ತಿ, ತುದಿ ಮೆಟ್ಟಿಲ ಮೇಲೆ ನಿಂತು, ತೊಲೆಗೆ ಅಂಗೈಯಿಂದ ಪಟಾರನೆ ಬಡಿದು ಇಳಿಯುತ್ತಿದ್ದರು. ಉದ್ದಣ್ಣನಿಗೆ ಎಟುಕುತ್ತಿರಲಿಲ್ಲವಾದ್ದರಿಂದ ಅವನು ನೆಗೆದು ಬಡಿಯುತ್ತಿದ್ದ. ಬಡಿದ ಸದ್ದಿಗೆ ಉಳಿದವರು ಕೆಲಸ ಬಿಟ್ಟು ತಲೆಯೆತ್ತಿ ಒಂದು ಮಾತು ಆಡಬೇಕು: "ಆಯ್ತಾ ನಿಂದು?" ಇದನ್ನು ಪರೀಕ್ಷೆ ಎಂದು ಯಾರೂ ಕರೆದಿರಲಿಲ್ಲ. ಅದು ಮಾಡಿದವರ ಜಂಬ, ಅಷ್ಟೇ.

"ಉದ್ದಣ್ಣ, ಈ ಏಣಿಗಳನ್ನ ಯಾರು ಹತ್ತಿದ್ರು?"

"ನಾನ್ಯಾಕೆ ಹತ್ಲಿ? ನಾನು ತೂತು ಹಾಕೋನು."

"ಸುತ್ತಿಗೆ ಅಕ್ಕ?"

"ನನ್ನ ಹತ್ರ ಬಂದಾಗ ಅದಕ್ಕೆ ಹಿಂದಿನ ಕಾಲೇ ಇರಲ್ಲ. ಕಾಲಿಲ್ಲದ್ದನ್ನ ಹೆಂಗೆ ಹತ್ಲಿ?"

ಅವಳು ಅಮ್ಮನ ಕಡೆ ತಿರುಗಿದಳು. ಅಮ್ಮ ಬೂಟುಗಳ ಬುಟ್ಟಿಯಿಂದ ತಲೆಯೆತ್ತಲಿಲ್ಲ. "ನಾನು ಬೂಟು ತೊಡಿಸೋಳು. ಬೂಟು ಮಾರೋರೆಲ್ಲ ಗಿರಾಕಿ ಹಿಂದೆ ನಡ್ಕೊಂಡು ಹೋಗ್ತಾರಾ? ನೀನೇ ಹೇಳಿದ್ಯಲ್ಲೇ, ಒಬ್ಬೊಬ್ಬರಿಗೆ ಒಂದೇ ಕೆಲಸ, ಇನ್ನೊಬ್ಬರದಕ್ಕೆ ಕೈ ಹಾಕ್ಬೇಡಿ ಅಂತ."

ಹೇಳಿದ್ದಳು. ಕೆಲಸ ಹಂಚುವಾಗ ಅವಳು ಎಲ್ಲರ ಕೈಗಳನ್ನೇ ನೋಡುತ್ತ ನಿಂತಿದ್ದಳು. ಕಾಲಿನದೂ ಒಂದು ಕೆಲಸವಿತ್ತು. ಅದು ಯಾರ ಪಾಲಿಗೂ ಬರಲಿಲ್ಲ. ಬಿಟ್ಟುಹೋಯಿತೆಂದು ಯಾರಿಗೂ ಅನ್ನಿಸಲೂ ಇಲ್ಲ, ಏಕೆಂದರೆ ಯಾವ ಏಣಿಯೂ ಯಾರದೂ ಆಗಿರಲಿಲ್ಲ. ತಾನು ಮಾಡಿದ ವಸ್ತುವೇ ಕೆಲಸಗಾರನಿಗೆ ಹೊರಗಿನದಾಗಿಬಿಡುತ್ತದೆ ಎಂದು ಗಡ್ಡದವನೊಬ್ಬ ಬರೆದಿದ್ದ. ಐದು ಅಂಕದ ಪ್ರಶ್ನೆಗೆ ಅದನ್ನು ಬರೆದು ಅವಳು ನಾಲ್ಕೂವರೆ ಗಿಟ್ಟಿಸಿದ್ದಳು. ಈಗ ಅದು ಕಕ್ಕಸಿನ ಬಾಗಿಲಿಗೆ ಅಡ್ಡ ನಿಂತಿತ್ತು.

ಅವಳು ಕೈಗೆ ಸಿಕ್ಕ ಏಣಿಯನ್ನು ಬಿಡಿಸಿ ಹತ್ತಿದಳು. ಗಟ್ಟಿಯಾಗಿತ್ತು. ಇನ್ನೊಂದು ಹತ್ತಿದಳು, ಅದೂ ಗಟ್ಟಿ. ಮಾವ, "ಸರಿಯಾಗಿದೆ ಬಿಡೇ, ಸುಮ್ನೆ ಗಾಬರಿ," ಎನ್ನುವಷ್ಟರಲ್ಲಿ ಮತ್ತೊಂದರ ತುದಿಯಲ್ಲಿದ್ದಳು. ತೊಲೆಯತ್ತ ಕೈ ಚಾಚಿದಳು. ಕಾಲಕೆಳಗೆ ಟಕ್ಕೆಂದಿತು. ಮೆಟ್ಟಿಲು ಒಂದು ಕಡೆಗೆ ವಾಲಿತು, ಏಣಿ ಮೊಣಕಾಲು ಮಡಚಿದಂತೆ ಕುಸಿಯಿತು, ಅವಳು ರಬ್ಬರ್ ಬೂಟುಗಳ ಬುಟ್ಟಿಯ ಮೇಲೆ ಅಂಗಾತ ಬಿದ್ದಳು.

ಬೂಟುಗಳು ಶೆಡ್ಡೆಲ್ಲ ಉರುಳಿದವು. ಅಮ್ಮ ಮೊದಲು ಮಗಳನ್ನು ಎತ್ತಿದಳು, ಆಮೇಲೆ ಬೈದಳು. ಸುತ್ತಿಗೆ ಅಕ್ಕ ಮುರಿದ ಏಣಿಯನ್ನು ತಿರುಗಿಸಿ ನೋಡಿ, "ತೂತು ದೊಡ್ಡದು," ಎಂದಳು. "ಕೆಲವಕ್ಕೆ ರಿವೆಟ್ಟು ಸಡಿಲ ಅನ್ನಿಸ್ತಿತ್ತು. ಇನ್ನೊಂದೆರಡು ಏಟು ಜಾಸ್ತಿ ಹಾಕ್ತಿದ್ದೆ."

ಉದ್ದಣ್ಣನ ಮುಖ ಪೆಚ್ಚಾಯಿತು. "ಹೋದ ವಾರ ಡ್ರಿಲ್ಲಿನ ಬಿಟ್ಟು, ತೂತು ಕೊರೆಯೋ ಮೊನೆ, ಮುರೀತು. ಡಬ್ಬದಲ್ಲಿದ್ದ ಇನ್ನೊಂದು ಹಾಕಿದೆ. ಕೂದಲೆಳೆಯಷ್ಟು ಜಾಸ್ತಿ ದಪ್ಪ ಇತ್ತು. ಹೊಸದು ಬಂದ್ಮೇಲೆ ಬದಲಾಯಿಸಿದೆ."

"ಹೇಳ್ಬೇಕು ತಾನೆ?"

"ಯಾರಿಗೆ ಹೇಳ್ಲಿ? ತೂತು ನಂದು."

ಮೊದಲಾಗಿದ್ದರೆ ತೂತು ಹಾಕಿದ ಕೈಯೇ ರಿವೆಟ್ಟನ್ನೂ ಹೊಡೆಯುತ್ತಿತ್ತು, ಆ ಕೈಯೇ ಬೆಚ್ಚುತ್ತಿತ್ತು. ದಪ್ಪ ಬಿಟ್ಟಿನ ತೂತುಗಳು ಯಾವ ಏಣಿಯಲ್ಲಿವೆ ಎಂದು ಈಗ ಹೊರಗಿನಿಂದ ನೋಡಿ ಹೇಳುವುದು ಯಾರಿಂದಲೂ ಆಗುವಂತಿರಲಿಲ್ಲ. ಎಲ್ಲವೂ ಒಂದೇ ರೀತಿ ಮಿಣಮಿಣ ಹೊಳೆಯುತ್ತಿದ್ದವು.

"ಎಲ್ಲಾನೂ ಹತ್ತಿ ನೋಡ್ಬೇಕು," ಎಂದಳು ಅವಳು.

"ಮಧ್ಯಾಹ್ನ ಲಾರಿ ಬರುತ್ತೆ," ಎಂದ ಮಾವ.

"ಬರಲಿ."

"ಬರಲಿ ಅಂತೆ. ಬಿದ್ರೆ ಎಷ್ಟು ಎತ್ತರದಿಂದ ಬೀಳ್ತಾರೆ? ಮಂಚದಿಂದ ಬಿದ್ದಂಗೆ. ನೀನೇ ಬಿದ್ಯಲ್ಲ, ಏನಾಯ್ತು?"

"ನಾನು ಬೂಟಿನ ಮೇಲೆ ಬಿದ್ದೆ. ಎಲ್ಲರ ಮನೇಲೂ ಏಣಿ ಕೆಳಗೆ ಒಂದು ಬುಟ್ಟಿ ಬೂಟು ಇರುತ್ತಾ?"

"ನೋಡು, ವ್ಯಾಪಾರದವನಿಗೆ ಲಾಭ ಮಾಡೋದೇ ಧರ್ಮ ಅಂತ ಯಾರೋ ಒಬ್ಬ ಹೇಳಿದ್ದಾನೆ ಅಂತ ನೀನೇ ಊಟ ಮಾಡ್ತಾ ಹೇಳಿದ್ದೆ."

"ಮೋಸ ಮಾಡದೆ ಅಂತಾನೂ ಅವನೇ ಹೇಳಿದ್ದಾನೆ ಮಾವ."

"ಮೋಸ ಎಲ್ಲಿ ಬಂತು? ಒಂದಾದ್ರೂ ಸುಳ್ಳು ಹೇಳಿದ್ನಾ? ಹೇಳದೆ ಇರೋದು ಮೋಸನಾ?"

ಈ ಒಂದು ಪ್ರಶ್ನೆಗೆ ಹಾಸ್ಟೆಲ್ ಲೈಬ್ರರಿಯಲ್ಲಿ ಅರ್ಧ ಕಪಾಟು ಉತ್ತರವಿತ್ತು. ಮನುಷ್ಯರನ್ನು ಬರೀ ಸಾಧನ ಮಾಡಿಕೊಳ್ಳಬೇಡ ಎಂದವನಿದ್ದ, ಹೆಚ್ಚು ಜನರ ಹೆಚ್ಚು ಸುಖವನ್ನು ತೂಗು ಎಂದವನಿದ್ದ, ಕಂಪನಿಯಿಂದ ಯಾರ ಯಾರ ಬದುಕಿಗೆ ಬಿಸಿ ತಟ್ಟುತ್ತದೋ ಅವರೆಲ್ಲರಿಗೂ ಕಂಪನಿ ಬಾಧ್ಯ ಎಂದವನೂ ಇದ್ದ. ಅವರಲ್ಲಿ ಯಾರೂ ಈ ಏಣಿಯಿಂದ ಬಿದ್ದವರಲ್ಲ. ಅವಳಿಗೆ ಸೊಂಟ ನೋಯುತ್ತಿತ್ತು.

"ಲೋ, ಅವಳು ಬಿದ್ದಿದ್ದನ್ನ ನೋಡಿಯೂ ಇದನ್ನ ಮಾರ್ತೀಯಾ?" ಎಂದಳು ಅಮ್ಮ.

"ಅಕ್ಕ, ಇದು ಹೋಗದಿದ್ರೆ ನೀನೂ ಮನೆಗೆ, ನಾನೂ ಮನೆಗೆ. ಉದ್ದಣ್ಣನ ಮಕ್ಕಳ ಫೀಸು ಯಾರು ಕಟ್ತಾರೆ, ಗುಂಡುಸೂಜಿಯವನಾ?"

ಹೊರಗೆ ಲಾರಿ ಹಾರ್ನ್ ಹಾಕಿತು. ಮಧ್ಯಾಹ್ನವಿನ್ನೂ ದೂರವಿತ್ತು.

ಲಾರಿಯ ಹಿಂದೆಯೇ ಕಾರಿನಲ್ಲಿ ಕಂಪನಿಯ ಖರೀದಿ ಮೇಡಂ ಬಂದಿದ್ದಳು. ಕೂದಲು ಗಿಡ್ಡ, ಮಾತು ಅದಕ್ಕಿಂತ ಗಿಡ್ಡ. "ಬೇಗ ಬಂದ್ವಿ, ಕ್ಷಮಿಸಿ. ಇನ್ನೊಂದು ಕಡೆ ಲೋಡ್ ಇದೆ. ರೆಡಿನಾ?" ಎಂದು ಒಳಗೆ ಕಣ್ಣಾಡಿಸಿದಳು. ಮೂಲೆಯಲ್ಲಿ ಮಡಚಿ ಬಿದ್ದಿದ್ದ ಏಣಿಯ ಮುಂದೆ ಉದ್ದಣ್ಣ ಅಡ್ಡ ನಿಂತ. ಅವನ ಎತ್ತರಕ್ಕೆ ಅದರ ಅರ್ಧವೂ ಮರೆಯಾಗಲಿಲ್ಲ.

ಮಾವ ಸೋದರಸೊಸೆಯನ್ನು ನೋಡಿದ. ಬೇಡ ಎನ್ನುವ ನೋಟ. ಅಪ್ಪ ತೀರಿಕೊಂಡ ಮೇಲೆ ಅವಳಿಗೆ ಹಾಸ್ಟೆಲ್ ಫೀಸು ಕಟ್ಟಿದವನು ಇದೇ ಮಾವ. ಆ ನೋಟದಲ್ಲಿ ಗದರಿಕೆಯಿದ್ದಿದ್ದರೆ ಸುಲಭವಾಗುತ್ತಿತ್ತು. ಇದ್ದದ್ದು ಬೇಡಿಕೆ.

"ರೆಡಿ ಇಲ್ಲ ಮೇಡಂ," ಎಂದಳು ಅವಳು. "ಮಾಡಿ ಆಗಿದೆ, ಹತ್ತಿ ನೋಡಿಲ್ಲ. ಕೆಲವದರಲ್ಲಿ ತೂತು ದೊಡ್ಡದಾಗಿದೆ. ಯಾವುದರಲ್ಲಿ ಅಂತ ಗೊತ್ತಿಲ್ಲ. ಈಗ ತಾನೇ ಒಂದರಿಂದ ನಾನು ಬಿದ್ದೆ."

ಮಾವ ಕುರ್ಚಿ ಹುಡುಕಿಕೊಂಡು ಕೂತ. ಖರೀದಿ ಮೇಡಂ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಬೆನ್ನಿಗೆ ರಬ್ಬರ್ ಬೂಟಿನ ಪುಡಿ ಇನ್ನೂ ಮೆತ್ತಿಕೊಂಡಿತ್ತು.

"ಯಾಕಮ್ಮ ಹೇಳಿದಿರಿ? ನಾನು ಕೇಳಿರಲಿಲ್ಲವಲ್ಲ."

"ಕೇಳಿದ್ರೂ ನಿಮಗೆ ಗೊತ್ತಾಗ್ತಿರಲಿಲ್ಲ. ನೋಡೋಕೆ ಎಲ್ಲಾ ಒಂದೇ ಥರ."

"ಅದೇ ನನ್ನ ಕಷ್ಟ," ಎಂದಳು ಮೇಡಂ, ಮೊದಲ ಸಲ ಸ್ವಲ್ಪ ಉದ್ದವಾಗಿ. "ನನಗೆ ಮಾರೋರೆಲ್ಲ ತಮ್ಮದೇ ಚಿನ್ನ ಅಂತಾರೆ. ನನಗೆ ಗೊತ್ತಾಗಲ್ಲ. ಹಾಗಾಗಿ ಎಲ್ಲರಿಗೂ ಸುಮಾರಾದ ಮಾಲಿನ ರೇಟೇ ಕೊಡ್ತೀನಿ. ಆ ರೇಟಿಗೆ ಒಳ್ಳೇದು ಮಾಡೋನು ಅಂಗಡಿ ಮುಚ್ಚಿ ಹೋಗ್ತಾನೆ, ಕೆಟ್ಟದ್ದು ಮಾಡೋನು ಉಳೀತಾನೆ."

"ಹಳೇ ಕಾರಿನವನು," ಎಂದಳು ಅವಳು ತಟ್ಟನೆ.

"ಏನು?"

"ಹಳೇ ಕಾರಿನ ಸಂತೆ ಬಗ್ಗೆ ಬರೆದವನು. ಮಾರೋನಿಗೆ ಗೊತ್ತು, ಕೊಳ್ಳೋನಿಗೆ ಗೊತ್ತಿಲ್ಲ. ಅದರಿಂದ ಒಳ್ಳೇ ಕಾರೆಲ್ಲ ಸಂತೆ ಬಿಟ್ಟು ಹೋಗ್ತವೆ."

"ಓದಿದ್ದೀರಾ?" ಮೇಡಂ ಹುಬ್ಬು ಮೇಲೇರಿತು. "ನಾನೂ ಓದಿದ್ದೆ. ಪರೀಕ್ಷೆಗೆ."

"ನಾನೂ ಪರೀಕ್ಷೆಗೇ." ಅವಳಿಗೆ ದಾರಿ ಕಂಡಿತ್ತು. "ಹಂಗಾದ್ರೆ ನಿಮಗೂ ಗೊತ್ತಾಗೋ ಹಾಗೆ ಮಾಡೋಣ. ನಿಮ್ಮ ಕಣ್ಣೆದುರೇ ಒಂದೊಂದನ್ನೂ ಹತ್ತುತೀವಿ. ನಿಂತಿದ್ದು ನಿಮ್ದು, ಮುರಿದಿದ್ದು ನಮ್ದು."

ಮೇಡಂ ಲಾರಿ ಡ್ರೈವರನನ್ನು ಕರೆದಳು. "ಮೊದಲು ಹೋಗಿ ಬಣ್ಣದ ಡಬ್ಬ ತುಂಬಿಸ್ಕೊಂಡು ಬಾ." ಆಮೇಲೆ ಇವರ ಕಡೆ ತಿರುಗಿದಳು. "ಅವನು ವಾಪಸ್ ಬರೋವರೆಗೆ. ಅಷ್ಟರಲ್ಲಿ ಹತ್ತಿದ್ದು ಹೋಗುತ್ತೆ, ಹತ್ತದೆ ಇರೋದು ಇಲ್ಲೇ. ಕರಾರಿನ ವಿಷಯ ಆಮೇಲೆ. ಅರ್ಧ ಲೋಡೂ ಆಗದಿದ್ರೆ ಆ ಮಾತೇ ಇಲ್ಲ."

ಲಾರಿ ಬೀದಿಯ ತಿರುವು ದಾಟುವ ಮೊದಲೇ ಸುತ್ತಿಗೆ ಅಕ್ಕ ಒಂದು ಏಣಿಯ ತುದಿಯಲ್ಲಿದ್ದಳು. ತೊಲೆಗೆ ಬಡಿದಳು, ಪುಡಿ ಉದುರಿ ಕೆಳಗಿದ್ದವರ ಕಣ್ಣಿಗೆ ಬಿತ್ತು. "ಒಂದು," ಎಂದು ಇಳಿದಳು. ಆದರೆ ತೊಲೆ ಒಂದೇ, ಅದರ ಕೆಳಗೆ ಒಂದು ಸಲಕ್ಕೆ ನಿಲ್ಲುವುದು ಎರಡೋ ಮೂರೋ ಏಣಿ.

"ಹೊರಗೆ, ಬೀದಿಗೆ," ಎಂದಳು ಪ್ರೊಫೆಸರ್.

ಏಣಿಗಳು ಬೀದಿಗೆ ಹರಿದವು. ಉದ್ದಣ್ಣ ಮೊದಲ ಏಣಿ ಹತ್ತಿ ನೆಗೆದ, ಏಣಿ ಕದಲಲಿಲ್ಲ. ಟೈರ್ ಅಂಗಡಿಯ ಗಜ ಸೊಂಟಕ್ಕೆ ಕೈಯಿಟ್ಟು ನೋಡುತ್ತಿದ್ದ.

"ಇವನು ನಿಂತ್ರೆ ಏನು ಬಂತು? ಇವನ ತೂಕಕ್ಕೆ ಛತ್ರಿಯೂ ಮುರಿಯಲ್ಲ."

"ಹಂಗಾದ್ರೆ ನೀನು ಹತ್ತೋ ಗಜ," ಎಂದ ಉದ್ದಣ್ಣ.

"ಬಿದ್ರೆ?"

"ಬೀದಿಗೆ ಹೊಸ ಗುಂಡಿ."

ಗಜ ಯೋಚಿಸಿದ. ಆಮೇಲೆ ಒಳಗೆ ಹೋಗಿ ಸವೆದ ಟೈರುಗಳನ್ನು ಉರುಳಿಸಿಕೊಂಡು ಬಂದು ಏಣಿಗಳ ಸುತ್ತ ಹಾಕಿ, ಅವುಗಳ ಮೇಲೆ ಗಾಳಿ ತುಂಬಿದ ಟ್ಯೂಬುಗಳನ್ನು ಹರಡಿದ. ಚಪ್ಪಲಿ ಬಿಟ್ಟು ಹತ್ತಿದ. ಇಡೀ ಬೀದಿ ಉಸಿರು ಹಿಡಿಯಿತು. ಅವನು ತುದಿಯಲ್ಲಿ ನಿಂತು ಎರಡೂ ಕೈ ಬಿಟ್ಟು, "ಇಲ್ಲಿಂದ ನನ್ನ ಮನೆ ಕಾಣುತ್ತೆ," ಎಂದ. ಅಷ್ಟು ಸಾಕಾಯಿತು. ಕ್ಷೌರದ ಅಂಗಡಿಯವನು ಬಂದ. ಅವನ ಹಿಂದೆ ಕೆನ್ನೆಗೆ ನೊರೆ ಮೆತ್ತಿಕೊಂಡಿದ್ದ ಗಿರಾಕಿಯೂ ಬಂದ. ದರ್ಜಿಯಮ್ಮ ಕುತ್ತಿಗೆಯಲ್ಲಿ ಟೇಪು ನೇತುಹಾಕಿಕೊಂಡೇ ಹತ್ತಿದಳು. ಒಬ್ಬರು ಬಿಡಿಸುವುದು, ಒಬ್ಬರು ಹತ್ತುವುದು, ಒಬ್ಬರು ಮಡಿಸಿ ಗೋಡೆಗೆ ಒರಗಿಸುವುದು. ಯಾರೂ ಹೇಳಿಕೊಡದೆಯೇ ಕೆಲಸ ಹಂಚಿಹೋಗಿತ್ತು. ಗುಂಡುಸೂಜಿಯವನು ಬೀದಿಗೂ ಬಂದುಬಿಟ್ಟಿದ್ದ ಎಂದು ಅವಳಿಗೆ ನಗು ಬಂತು.

ಬೀದಿಯಲ್ಲಿ ಮೊದಲು ಮುರಿದದ್ದು ಕ್ಷೌರದವನ ಗಿರಾಕಿಯ ಏಣಿ. ಟಕ್ಕೆಂದಿತು, ಅವನು ಟ್ಯೂಬಿನ ಮೇಲೆ ಬಿದ್ದು ಪುಟಿದು ಎದ್ದು ಕೂತ. ನೊರೆ ಹಣೆಗೆ ಬಂದಿತ್ತು. ಯಾರೂ ನಗಲಿಲ್ಲ, ಎಲ್ಲರೂ ಖರೀದಿ ಮೇಡಂ ಕಡೆ ನೋಡಿದರು. ಅವಳು ಕಾರಿಗೆ ಒರಗಿ ನಿಂತಿದ್ದಳು, ಮುಖದಲ್ಲಿ ಏನೂ ಇರಲಿಲ್ಲ.

"ಪಕ್ಕಕ್ಕಿಡಿ," ಎಂದಳು ಪ್ರೊಫೆಸರ್ ಉದ್ದಣ್ಣನಿಗೆ. "ಎಲ್ಲರಿಗೂ ಕಾಣೋ ಕಡೆ."

ಮುರಿದವುಗಳ ಗುಡ್ಡೆ ಬೆಳೆಯಿತು. ಒರಗಿಸಿದವುಗಳ ಸಾಲು ಅದಕ್ಕಿಂತ ಬೇಗ ಬೆಳೆಯಿತು, ಗೋಡೆ ಮುಗಿದು ಪಕ್ಕದ ಗೋಡೆಗೆ ದಾಟಿತು. ಅವಳು ಹತ್ತಿ ಇಳಿದು ಹತ್ತಿ ಇಳಿದು ತೊಡೆ ಕಲ್ಲಾಗಿತ್ತು. ಆ ಎತ್ತರದಿಂದ ಒಮ್ಮೆ ಬೀದಿಯನ್ನು ನೋಡಿದಳು: ಸಾಲು ಸಾಲು ಏಣಿ, ಒಂದೊಂದರ ತುದಿಯಲ್ಲೂ ಒಬ್ಬೊಬ್ಬರು, ಒಬ್ಬರನ್ನೊಬ್ಬರು ಕರೆಯುತ್ತ, ಛೇಡಿಸುತ್ತ. ಸ್ವಂತ ಲಾಭಕ್ಕೆ ದುಡಿದರೂ ಕಾಣದ ಕೈಯೊಂದು ಲೋಕದ ಹಿತ ಮಾಡುತ್ತದೆ ಎಂದು ಎಲ್ಲರೂ ಹೇಳುವುದು ಆ ಗುಂಡುಸೂಜಿಯವನ ಹೆಸರಿನಲ್ಲೇ. ಆದರೆ ಅವನೇ ಅದಕ್ಕೂ ಮುಂಚೆ, ನಮ್ಮೊಳಗೊಬ್ಬ ಪಕ್ಷಪಾತವಿಲ್ಲದ ಪ್ರೇಕ್ಷಕ ಕೂತು ನಾವು ಮಾಡಿದ್ದನ್ನೆಲ್ಲ ನೋಡುತ್ತಿರುತ್ತಾನೆ ಎಂದು ಬರೆದಿದ್ದ. ಪರೀಕ್ಷೆಗೆ ಬರುವುದಿಲ್ಲವೆಂದು ಅವಳು ಆ ಪುಸ್ತಕವನ್ನು ಅರ್ಧಕ್ಕೇ ಮಡಚಿಟ್ಟಿದ್ದಳು.

ಕೆಳಗೆ ಮಾವ ನಿಂತಿದ್ದ. ಅಷ್ಟು ಹೊತ್ತೂ ಕುರ್ಚಿಯಲ್ಲಿ ಕೂತಿದ್ದವನು ಈಗ ಎದ್ದು ಬಂದಿದ್ದ.

"ಇಳಿಯೇ," ಎಂದ. "ನಿನ್ನ ಕಾಲು ನಡುಗ್ತಿದೆ. ನಾನು ಹತ್ತುತೀನಿ."

"ನಿಮಗೆ ಮಂಡಿ ನೋವಲ್ವಾ?"

"ಈ ಕಾರ್ಖಾನೆಯ ಮೊದಲನೇ ಏಣಿ ಹತ್ತಿದೋನು ನಾನು. ಇಳಿ ಅಂದೆ."

ಮಾವ ಹತ್ತಿದ. ಆ ಏಣಿ ನಿಂತಿತು. ಇನ್ನೊಂದು ಹತ್ತಿದ, ಅದು ಮುರಿಯಿತು. ಟ್ಯೂಬಿನ ನಡುವಿನ ತೂತಿನಲ್ಲಿ ಕುಂಡೆ ಸಿಕ್ಕಿಕೊಂಡು, ಕೈಕಾಲು ಮೇಲೆ ಮಾಡಿಕೊಂಡು ಕೂತವನನ್ನು ನೋಡಿ ಅಮ್ಮ, "ಹೇಗಿತ್ತೋ, ಮಂಚದಿಂದ ಬಿದ್ದಂಗೆ?" ಎಂದಳು. ಮಾವನಿಗೂ ನಗು ತಡೆಯಲಾಗಲಿಲ್ಲ. ಗಜ ಬಂದು ಅವನನ್ನು ಮುಚ್ಚಳ ಕೀಳುವಂತೆ ಕಿತ್ತ.

ಲಾರಿ ತಿರುವಿನಲ್ಲಿ ಕಾಣಿಸಿದಾಗ ಇನ್ನೂ ಏಣಿಗಳು ಉಳಿದಿದ್ದವು. ಬೀದಿ ಹುಚ್ಚೆದ್ದಂತೆ ಹತ್ತಿತು. ಡ್ರೈವರ್ ಇಳಿದು ಬಾಗಿಲು ತೆರೆಯುವವರೆಗೂ ಹತ್ತಿತು. ಆಮೇಲೆ ಮೇಡಂ ಕೈಯೆತ್ತಿದಳು. "ಸಾಕು."

ಎಲ್ಲರೂ ಇದ್ದಲ್ಲೇ ನಿಂತರು, ದರ್ಜಿಯಮ್ಮ ಏಣಿಯ ತುದಿಯಲ್ಲೇ. ಮೇಡಂ ಒರಗಿಸಿದ್ದ ಸಾಲಿನ ಉದ್ದಕ್ಕೂ ನಡೆದಳು. ನಡುವಿನಿಂದ ಒಂದನ್ನು ಎಳೆದು ಬಿಡಿಸಿ ಡ್ರೈವರನಿಗೆ ಹತ್ತಲು ಹೇಳಿದಳು. ಅವನು ಹತ್ತಿ, ಏಣಿಯ ಮೇಲೆಯೇ ಎರಡು ಸಲ ಕುಪ್ಪಳಿಸಿ ಇಳಿದ.

"ಅರ್ಧಕ್ಕಿಂತ ಜಾಸ್ತಿ ಆಗಿದೆ, ತುಂಬಿಸಿ," ಎಂದಳು. ಆಮೇಲೆ ಮಾವನಿಗೆ: "ವರ್ಷದ ಕರಾರು ಕೊಡ್ತೀನಿ. ಪೂರ್ತಿ ಅಲ್ಲ, ಅರ್ಧ. ರೇಟು ಅದೇ. ಉಳಿದರ್ಧ ಇನ್ನೊಂದು ಕಾರ್ಖಾನೆಗೆ. ಈಗ ಅಲ್ಲಿಗೇ ಹೋಗ್ತಿದ್ದೀನಿ, ಅವರನ್ನೂ ಹತ್ತಿಸ್ತೀನಿ."

"ಅವರಿಗೆ ನಮ್ಮ ಉಪಾಯ ಹೇಳ್ಕೊಡ್ತೀರಾ?" ಮಾವನ ಮುಖ ಇಳಿಯಿತು.

"ಖಂಡಿತ. ಅವರದ್ದು ಮುರಿದ್ರೆ ಉಳಿದರ್ಧನೂ ನಿಮಗೆ. ನಿಮ್ದು ಇನ್ನೊಂದು ಸಲ ಮುರಿದ್ರೆ ಎಲ್ಲಾ ಅವರಿಗೆ." ಕಾರು ಹತ್ತುವ ಮೊದಲು ಅವಳ ಕಡೆ ನೋಡಿದಳು. "ನೀವು ಹೇಳಿದ್ದಕ್ಕೆ ಬಹುಮಾನ ಅಂದ್ಕೋಬೇಡಿ. ಹೇಳಿದ್ರಿಂದ ನನಗೆ ಲಾಭ ಆಯ್ತು, ಅಷ್ಟೇ."

ಲಾರಿ ಹೋಯಿತು. ಕ್ಷೌರದವನು ಗಿರಾಕಿಯನ್ನು ಉಳಿದರ್ಧ ಗಡ್ಡಕ್ಕೆ ಕರೆದೊಯ್ದ. ಮಾವ ಒಳಗೆ ಓಡಿ ಶೆಡ್ಡಿನ ಮಾಲೀಕನಿಗೆ ಫೋನು ಮಾಡಿದ. ಏದುಸಿರು ಬಿಡುತ್ತ, ಜಾಗ ಬಿಡುವುದಿಲ್ಲ, ಕರಾರು ಸಿಕ್ಕಿದೆ ಎಂದು ಇಡೀ ಬೀದಿಗೆ ಕೇಳುವಂತೆ ಹೇಳಿದ. ಆಮೇಲೆ ಆ ಕಡೆಯ ಮಾತು ಕೇಳಿಸಿಕೊಂಡು ಫೋನಿಟ್ಟ.

"ಏನಂದ?" ಎಂದಳು ಅಮ್ಮ.

"ತುಂಬಾ ಖುಷಿಯಾಯ್ತಂತೆ. ಕರಾರು ಸಿಕ್ಕಿದ್ಮೇಲೆ ಬಾಡಿಗೆ ಜಾಸ್ತಿ ಮಾಡಬಹುದಲ್ಲ ಅಂದ."

ಅವಳ ಕಣ್ಣು ಅರಳಿತು. "ಅಮ್ಮಾ, ಅದರ ಬಗ್ಗೆಯೂ ಒಬ್ಬ ಬರೆದಿದ್ದಾನೆ. ದುಡಿಯೋರು ಎಷ್ಟೇ ಹೆಚ್ಚು ಗಳಿಸ್ಲಿ, ಕೊನೆಗೆ ಅದು ನೆಲದ ಒಡೆಯನ ಜೇಬಿಗೇ ಸೇರುತ್ತೆ ಅಂತ."

"ಕೂತು ತಿನ್ನೋರ ಮೇಲೆ ಬರೆಯೋಕೆ ಎಷ್ಟು ಜನ ಇದ್ದಾರೋ," ಎಂದು ಅಮ್ಮ ಮುರಿದ ಏಣಿಯೊಂದರ ಕಾಲಿನಿಂದ ರಬ್ಬರ್ ಬೂಟನ್ನು ಎಳೆದು ತೆಗೆದಳು. ಅದು ಇನ್ನೂ ಚೆನ್ನಾಗಿತ್ತು. "ಬಾ, ಆ ಕಡೆ ಹಿಡ್ಕೋ. ಇದನ್ನೆಲ್ಲ ಬಿಚ್ಚಿ ಮತ್ತೆ ಜೋಡಿಸ್ಬೇಕು."